ಕಣ್ಣಿಗೊಂದು ದಾರಿ, ಕಿವಿಗೊಂದು ದಾರಿ

ಜರ್ಮನಿಯ ನೈಋತ್ಯ ಮೂಲೆಯಲ್ಲಿ, ರೈನ್ ನದಿಗೆ ಸಮೀಪವಾಗಿ, ರುಸ್ಟ್ ಎಂಬ ಸಣ್ಣ ಊರೊಂದುಂಟು. ಅಲ್ಲಿರುವ 'ಯೂರೋಪಾ ಪಾರ್ಕ್' ಎಂಬ ವಿಹಾರೋದ್ಯಾನದಲ್ಲಿ 1984ರಲ್ಲಿ ಪ್ರಾರಂಭವಾದ 'ಆಲ್ಪೆನ್‌ಎಕ್ಸ್‌ಪ್ರೆಸ್' ಎಂಬ ಪುಟ್ಟ ರೋಲರ್ ಕೋಸ್ಟರ್ ರೈಲಿಗೆ 2015ರಲ್ಲಿ ಒಂದು ಹೊಸ ಜೀವ ಬಂದಿತು. ಹಳಿ ಅದೇ, ಗಾಡಿಯೂ ಅದೇ. ಆದರೆ ಬೇಕೆಂದ ಪ್ರಯಾಣಿಕರ ಕಣ್ಣಿಗೆ ಒಂದು ಹೆಡ್‌ಸೆಟ್ಟನ್ನು ಕಟ್ಟಲಾಯಿತು. ಅದರೊಳಗೆ ಒಂದು ಸ್ಮಾರ್ಟ್‌ಫೋನಿನ ಪರದೆ, ಪರದೆಯ ಮುಂದೆ ಎರಡು ಮಸೂರಗಳು. ದೇಹವು ಉಕ್ಕಿನ ಹಳಿಯ ಮೇಲೆ ಏರಿ ಇಳಿಯುತ್ತಿರಲು, ಕಣ್ಣು ಮಾತ್ರ ಗಣಕಯಂತ್ರವು ಬರೆದ ಕಲ್ಪನಾಲೋಕವೊಂದರಲ್ಲಿ ಹಾರಾಡತೊಡಗಿತು. ಕೈಸರ್ಸ್‌ಲೌಟರ್ನ್ ಅನ್ವಯಿಕ ವಿಜ್ಞಾನ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಥಾಮಸ್ ವಾಗ್ನರ್ ಮತ್ತು ಅವರ ಸಂಗಡಿಗರು, ಮಾಕ್ ರೈಡ್ಸ್ ಎಂಬ ಯಂತ್ರ ತಯಾರಕರ ಸಹಕಾರದಿಂದ ನಡೆಸಿದ ಸಂಶೋಧನೆಯ ಫಲವಿದು.

ಮರುವರ್ಷವೇ ಈ ಹೊಸ ವಿನೋದವು ಅಟ್ಲಾಂಟಿಕ್ ಸಾಗರವನ್ನೂ ದಾಟಿತು. 2016ರಲ್ಲಿ ಇಂಗ್ಲೆಂಡಿನ ಆಲ್ಟನ್ ಟವರ್ಸ್ ಉದ್ಯಾನದ 'ಗೆಲಾಕ್ಟಿಕಾ', ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಉದ್ಯಾನದ 'ರೆವಲ್ಯೂಷನ್', 2017ರಲ್ಲಿ ಫ್ಲಾರಿಡಾದ ಸೀವರ್ಲ್ಡ್ ಉದ್ಯಾನದ 'ಕ್ರಾಕೆನ್' - ಇವೆಲ್ಲವೂ ಹೆಡ್‌ಸೆಟ್ ಧರಿಸಿದವು. ಆದರೆ ವಿಚಿತ್ರವನ್ನು ನೋಡಿ: ಕ್ರಾಕೆನ್ ಮತ್ತು ಗೆಲಾಕ್ಟಿಕಾಗಳು 2018ರಲ್ಲಿಯೇ ಅದನ್ನು ಕಳಚಿಟ್ಟವು. ಇಷ್ಟು ಬೇಗ ಏರಿದ ಉತ್ಸಾಹ ಇಷ್ಟು ಬೇಗ ಇಳಿದುದೇಕೆ? ಮನೆಯ ಕುರ್ಚಿಯಲ್ಲಿ ಕುಳಿತವನಿಗೆ ಸುಲಭವಾಗಿ ಒದಗುವ ಯಂತ್ರವು ಓಡುವ ಗಾಡಿಯಲ್ಲಿ ಏಕೆ ಹಟ ಹಿಡಿಯುತ್ತದೆ? ಇದಕ್ಕೆ ಉತ್ತರವನ್ನು ಹುಡುಕಹೊರಟರೆ ಭೌತವಿಜ್ಞಾನದ ಮೂಲ ತತ್ತ್ವವೊಂದರ ಬಾಗಿಲಿಗೇ ಹೋಗಿ ನಿಲ್ಲುತ್ತೇವೆ.

ಗಾಡಿ ಎಲ್ಲಿದೆ?

ಮೊದಲನೆಯ ತೊಡಕು ಸರಳವಾಗಿ ಕಾಣುವಂಥದು. ಪ್ರಯಾಣವು ನೂರು ಸೆಕೆಂಡಿನದಾದರೆ ನೂರು ಸೆಕೆಂಡಿನ ಚಲನಚಿತ್ರವೊಂದನ್ನು ತಯಾರಿಸಿ, ಗಾಡಿ ಹೊರಟೊಡನೆ ಓಡಿಸಿದರೆ ಸಾಲದೇ? ಸಾಲದು. ರೋಲರ್ ಕೋಸ್ಟರಿನ ಗಾಡಿಯನ್ನು ಸಾಮಾನ್ಯವಾಗಿ ಒಮ್ಮೆ ಎತ್ತರಕ್ಕೆ ಒಯ್ದು ಬಿಟ್ಟುಬಿಡುತ್ತಾರೆ. ಅಲ್ಲಿಂದ ಮುಂದೆ ಅದನ್ನು ನಡೆಸುವುದು ಗುರುತ್ವಾಕರ್ಷಣವೇ. 20 ಮೀಟರ್ ಇಳಿದ ಗಾಡಿಗೆ, ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಸೆಕೆಂಡಿಗೆ ಸುಮಾರು 20 ಮೀಟರ್ ವೇಗ ಬರುವುದೆಂದು ಶಕ್ತಿನಿತ್ಯತೆಯ ನಿಯಮದಿಂದ ನೀವೇ ಗುಣಿಸಿ ನೋಡಬಹುದು. ಈ ಗಣನೆಯಲ್ಲಿ ಗಾಡಿಯ ದ್ರವ್ಯರಾಶಿಗೆ ಸ್ಥಾನವೇ ಇಲ್ಲ. ಆದರೆ ನಿಜವಾದ ಗಾಡಿಗೆ ಘರ್ಷಣೆಯೂ ಗಾಳಿಯ ತಡೆಯೂ ಉಂಟು. ಚಳಿಯ ಮುಂಜಾನೆ ಚಕ್ರದ ಗ್ರೀಸು ಮಂದವಾಗಿರುತ್ತದೆ; ನಡುಹಗಲಿಗೆ ತಿಳಿಯಾಗುತ್ತದೆ. ತುಂಬಿದ ಗಾಡಿಯು ಬರಿದಾದ ಗಾಡಿಗಿಂತ ಸಾಮಾನ್ಯವಾಗಿ ಬೇಗ ಓಡುತ್ತದೆ. ಹೀಗಾಗಿ ಒಂದು ಪ್ರಯಾಣ ಇನ್ನೊಂದರಂತಿರದು. ಅರ್ಧ ಸೆಕೆಂಡಿನ ವ್ಯತ್ಯಾಸ ಬಂದರೂ ಆ ವೇಗದಲ್ಲಿ 10 ಮೀಟರಿನಷ್ಟು ಅಂತರವಾಯಿತು. ಕಣ್ಣು ತಿರುವಿನಲ್ಲಿರುವಾಗ ದೇಹವಿನ್ನೂ ನೇರದಾರಿಯಲ್ಲಿರುತ್ತದೆ.

ಆದುದರಿಂದ ಚಿತ್ರವನ್ನು ಕಾಲಕ್ಕೆ ಕಟ್ಟದೆ ಸ್ಥಳಕ್ಕೆ ಕಟ್ಟಬೇಕು. ಗಾಡಿಯ ಚಕ್ರದ ಸುತ್ತುಗಳನ್ನು ಎಣಿಸುವ ಉಪಕರಣವೊಂದನ್ನು ಜೋಡಿಸಿ, ಅದರ ಲೆಕ್ಕವನ್ನು ರೇಡಿಯೋ ತರಂಗದ ಮೂಲಕ ಪ್ರತಿಯೊಂದು ಹೆಡ್‌ಸೆಟ್ಟಿಗೂ ಕಳುಹಿಸುತ್ತಾರೆ. ಹೆಡ್‌ಸೆಟ್ಟಿನೊಳಗಿನ ಗಣಕವು ಆಯಾ ಕ್ಷಣದ ಸ್ಥಳಕ್ಕೆ ತಕ್ಕ ಚಿತ್ರವನ್ನು ಆಗಿಂದಾಗಲೇ ಬರೆಯುತ್ತದೆ. ಇಲ್ಲಿಯೂ ಎಚ್ಚರ ಬೇಕು. ಚಕ್ರ ಸವೆದು ಅದರ ವ್ಯಾಸದಲ್ಲಿ ಇನ್ನೂರರಲ್ಲಿ ಒಂದು ಪಾಲು ಕಡಿಮೆಯಾದರೆ, 840 ಮೀಟರ್ ಉದ್ದದ ಹಳಿಯ ಕೊನೆಗೆ ಲೆಕ್ಕವು ನಾಲ್ಕು ಮೀಟರಿಗೂ ಮಿಕ್ಕಿ ತಪ್ಪುತ್ತದೆ. ಹಳಿಯ ಗೊತ್ತಾದ ಸ್ಥಳಗಳಲ್ಲಿ ಗುರುತುಗಳನ್ನಿಟ್ಟು, ಗಾಡಿ ಅವುಗಳನ್ನು ದಾಟಿದಾಗಲೆಲ್ಲ ಲೆಕ್ಕವನ್ನು ತಿದ್ದಿಕೊಳ್ಳುವುದೇ ಇದಕ್ಕೆ ಉಪಾಯ. ಗಾಡಿಯನ್ನು ನಡುದಾರಿಯಲ್ಲಿ ನಿಲ್ಲಿಸಬೇಕಾಗಿ ಬಂದರೆ ಚಿತ್ರವೂ ಅಲ್ಲಿಯೇ ನಿಲ್ಲಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ತಲೆ ಎತ್ತ ತಿರುಗಿದೆ?

ಗಾಡಿಯ ಸ್ಥಾನ ತಿಳಿದರೆ ಸಾಲದು; ಪ್ರಯಾಣಿಕನು ಎತ್ತ ನೋಡುತ್ತಿದ್ದಾನೆಂಬುದೂ ತಿಳಿಯಬೇಕು. ಇದಕ್ಕಾಗಿ ಹೆಡ್‌ಸೆಟ್ಟಿನಲ್ಲಿ ಬೇಳೆಕಾಳಿನಷ್ಟು ಚಿಕ್ಕ ಜೈರೋಸ್ಕೋಪುಗಳಿವೆ. ತಲೆ ಎಷ್ಟು ವೇಗದಿಂದ ಸುತ್ತುತ್ತಿದೆಯೆಂಬುದನ್ನು ಇವು ಅಳೆಯುತ್ತವೆ. ಕ್ಷಣಕ್ಷಣದ ಅಳತೆಗಳನ್ನು ಕೂಡಿಸುತ್ತ ಹೋದರೆ ದಿಕ್ಕು ತಿಳಿಯುತ್ತದೆ. ಆದರೆ ಕೂಡಿಸುವಾಗ ತಪ್ಪೂ ಕೂಡುತ್ತ ಹೋಗುವುದಲ್ಲವೇ? ಸೆಕೆಂಡಿಗೆ ಹತ್ತನೆಯ ಒಂದು ಡಿಗ್ರಿಯಷ್ಟು ಅಲ್ಪ ದೋಷವಿದ್ದರೂ ಎರಡು ನಿಮಿಷಗಳಲ್ಲಿ 12 ಡಿಗ್ರಿಯಾಗುತ್ತದೆ. ಪ್ರಯಾಣಿಕನು ನೇರವಾಗಿ ಮುಂದೆ ನೋಡುತ್ತಿದ್ದರೂ ಅವನ ಕಲ್ಪನೆಯ ಗಾಡಿ ಓರೆಯಾಗಿ ಓಡುವಂತೆ ತೋರುತ್ತದೆ.

ಮನೆಯಲ್ಲಿ ಈ ತಪ್ಪನ್ನು ತಿದ್ದಲು ಎರಡು ಸಾಕ್ಷಿಗಳುಂಟು. ಒಂದು ದಿಕ್ಸೂಚಿ, ಇನ್ನೊಂದು ವೇಗೋತ್ಕರ್ಷವನ್ನು ಅಳೆಯುವ ಉಪಕರಣ, ಅಂದರೆ ಆಕ್ಸಿಲರೋಮೀಟರು. ಮೊದಲನೆಯದು ಟನ್ನುಗಟ್ಟಲೆ ಉಕ್ಕಿನ ನಡುವೆ, ಅಯಸ್ಕಾಂತದ ಬ್ರೇಕುಗಳ ಪಕ್ಕದಲ್ಲಿ, ನಂಬಿಕೆಗೆ ಅರ್ಹವಾಗಿ ಉಳಿಯಲಾರದು. ಎರಡನೆಯದರ ಕಥೆಯೇ ಸ್ವಾರಸ್ಯವಾದುದು.

ನಿಶ್ಚಲವಾಗಿರುವ ಆಕ್ಸಿಲರೋಮೀಟರಿಗೆ ಗುರುತ್ವವೊಂದೇ ಗೋಚರ; ಆದ್ದರಿಂದ 'ಕೆಳಗೆ' ಎಂಬ ದಿಕ್ಕು ಯಾವುದೆಂದು ಅದು ಖಚಿತವಾಗಿ ಹೇಳಬಲ್ಲದು. ಗಾಡಿ ತಿರುವಿನಲ್ಲಿ ಓಡಿದಾಗ ಏನಾಗುತ್ತದೆ? ಸೆಕೆಂಡಿಗೆ 12 ಮೀಟರ್ ವೇಗದಲ್ಲಿ, 14 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಾಡಿಗೆ ಬರುವ ಕೇಂದ್ರಾಭಿಮುಖ ವೇಗೋತ್ಕರ್ಷವು ಹೆಚ್ಚುಕಡಿಮೆ ಗುರುತ್ವದಷ್ಟೇ ಆಗುತ್ತದೆ. ಹಳಿಯನ್ನು 45 ಡಿಗ್ರಿ ವಾಲಿಸಿ ಕಟ್ಟಿದ್ದರೆ ಇವೆರಡರ ಪರಿಣಾಮವೂ ಒಟ್ಟಾಗಿ ನೇರವಾಗಿ ಆಸನದ ಕಡೆಗೇ ಒತ್ತುತ್ತದೆ. ಆಗ ಉಪಕರಣವು, "ನಾನು ನೆಟ್ಟಗೆ ಕುಳಿತಿದ್ದೇನೆ" ಎಂದು ಸಾಕ್ಷಿ ನುಡಿಯುತ್ತದೆ; ವಸ್ತುತಃ ಗಾಡಿಯು 45 ಡಿಗ್ರಿ ವಾಲಿರುತ್ತದೆ. ದಿಣ್ಣೆಯ ನೆತ್ತಿಯಲ್ಲಿ ಪ್ರಯಾಣಿಕರು ಆಸನದಿಂದ ಏಳುವಂತಾದಾಗಲಂತೂ ಅದರ ಅಳತೆ ಸೊನ್ನೆಗೆ ಇಳಿಯುತ್ತದೆ. 'ಕೆಳಗೆ' ಎಂಬುದೇ ಅದಕ್ಕೆ ಇಲ್ಲವಾಗುತ್ತದೆ.

ಇದು ಉಪಕರಣದ ಕುಂದಲ್ಲ. ಮುಚ್ಚಿದ ಪೆಟ್ಟಿಗೆಯೊಳಗೆ ಕುಳಿತು ಗುರುತ್ವವನ್ನೂ ವೇಗೋತ್ಕರ್ಷವನ್ನೂ ಬೇರ್ಪಡಿಸುವ ಆಕ್ಸಿಲರೋಮೀಟರನ್ನು ಯಾರೂ ಮಾಡಲಾರರು. ಮೇಲಿನಿಂದ ಬೀಳುವವನಿಗೆ ತನ್ನ ತೂಕವೇ ತಿಳಿಯದೆಂದು 1907ರಲ್ಲಿ ಐನ್‌ಸ್ಟೈನರಿಗೆ ಹೊಳೆದ ವಿಚಾರವೇ ಇದು. ಮುಂದೆ ಅವರ ಸಾಮಾನ್ಯ ಸಾಪೇಕ್ಷ ಸಿದ್ಧಾಂತಕ್ಕೆ ತಳಹದಿಯಾದ ಸಮಾನತಾ ತತ್ತ್ವ. ವಿಹಾರೋದ್ಯಾನದ ಎಂಜಿನಿಯರನು ಪ್ರತಿ ತಿರುವಿನಲ್ಲಿಯೂ ಅದನ್ನು ಎದುರಿಸಬೇಕಾಗಿದೆ. ಅವನಿಗಿರುವ ದಾರಿ ಇಷ್ಟೇ: ಗಾಡಿ ಓಡುವಾಗ ಆಕ್ಸಿಲರೋಮೀಟರಿನ ತಿದ್ದುಪಡಿಯನ್ನು ನಂಬದೆ, ಹೊರಡುವ ಮೊದಲೇ ದಿಕ್ಕನ್ನು ಸರಿಪಡಿಸಿ, ಉತ್ತಮವಾದ ಜೈರೋಸ್ಕೋಪನ್ನೂ ಮೊದಲೇ ಅಳೆದಿಟ್ಟ ಹಳಿಯ ನಕ್ಷೆಯನ್ನೂ ಅವಲಂಬಿಸುವುದು.

ಇಪ್ಪತ್ತು ಮಿಲಿಸೆಕೆಂಡು

ಇನ್ನು ಕಾಲದ ಮಾತು. ತಲೆ ತಿರುಗಿದ ಕ್ಷಣಕ್ಕೂ ಅದಕ್ಕೆ ತಕ್ಕ ಚಿತ್ರ ಕಣ್ಣಿಗೆ ಬೀಳುವ ಕ್ಷಣಕ್ಕೂ ನಡುವೆ ಸುಮಾರು 20 ಮಿಲಿಸೆಕೆಂಡಿಗಿಂತ ಹೆಚ್ಚು ವಿಳಂಬ ಕೂಡದೆಂದು ಈ ವಿದ್ಯೆಯಲ್ಲಿ ಪಳಗಿದವರು ಹೇಳುತ್ತಾರೆ. ನಾವು ತಲೆಯನ್ನು ಅಲ್ಲಾಡಿಸಿದರೂ ಓದುವ ಅಕ್ಷರ ಅಲ್ಲಾಡುವುದಿಲ್ಲ. ಒಳಗಿವಿಯ ಸುದ್ದಿಯನ್ನು ಹಿಡಿದು ಕಣ್ಣಿನ ಸ್ನಾಯುಗಳು ಹತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲಿಯೇ ಕಣ್ಣನ್ನು ಎದುರು ದಿಕ್ಕಿಗೆ ಹೊರಳಿಸುವುದೇ ಇದಕ್ಕೆ ಕಾರಣ. ಇಷ್ಟು ಚುರುಕಾದ ಯಂತ್ರವನ್ನು ಮೋಸಗೊಳಿಸಬೇಕಾಗಿದೆ! ಸೆಕೆಂಡಿಗೆ 100 ಡಿಗ್ರಿಯಂತೆ ತಲೆ ತಿರುಗುವಾಗ 50 ಮಿಲಿಸೆಕೆಂಡು ತಡವಾದರೆ ಚಿತ್ರವು 5 ಡಿಗ್ರಿ ಹಿಂದೆ ಬೀಳುತ್ತದೆ. ಆಕಾಶದಲ್ಲಿ ಹತ್ತು ಪೂರ್ಣಚಂದ್ರರನ್ನು ಸಾಲಾಗಿ ಜೋಡಿಸಿದಷ್ಟು ಅಂತರವದು.

ಮೊದಮೊದಲು ಬಳಸಿದ ಫೋನುಗಳು ಸೆಕೆಂಡಿಗೆ 60 ಚಿತ್ರಗಳನ್ನು ತೋರಿಸುತ್ತಿದ್ದವು. ಎಂದರೆ ಒಂದೊಂದು ಚಿತ್ರಕ್ಕೆ 16.7 ಮಿಲಿಸೆಕೆಂಡು; ಅಷ್ಟರಲ್ಲಿಯೇ ಇದ್ದ ಅವಧಿಯೆಲ್ಲ ಬಹುಮಟ್ಟಿಗೆ ಮುಗಿದುಹೋಯಿತು. ಆದುದರಿಂದ ಗಣಕವು ತಲೆಯು ಮುಂದೆ ಎಲ್ಲಿರಬಹುದೆಂಬುದನ್ನು ಊಹಿಸಿ ಚಿತ್ರವನ್ನು ಬರೆದು, ಪರದೆಗೆ ಬಿಡುವ ಕೊನೆಯ ಗಳಿಗೆಯಲ್ಲಿ ಹೊಸ ಅಳತೆಗೆ ತಕ್ಕಂತೆ ಅದನ್ನು ಸ್ವಲ್ಪ ಸರಿಸುತ್ತದೆ. ಗಾಡಿಯ ಮುಂದಿನ ಸ್ಥಾನವನ್ನು ಊಹಿಸುವುದು ಸುಲಭ, ಅದಕ್ಕೆ ಹಳಿಯುಂಟು. ತಲೆಯ ಚಲನೆಯನ್ನು ಊಹಿಸುವುದು ಕಷ್ಟ, ಅದಕ್ಕೆ ಸ್ವೇಚ್ಛೆಯುಂಟು.

ಒಳಗಿವಿಯ ಸಾಕ್ಷ್ಯ

ಇಷ್ಟೆಲ್ಲ ಕಟ್ಟುನಿಟ್ಟೇಕೆ? ನಮ್ಮ ಒಂದೊಂದು ಕಿವಿಯ ಒಳಭಾಗದಲ್ಲಿಯೂ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ಇವು ತಲೆಯ ಸುತ್ತುವಿಕೆಯನ್ನು ತಿಳಿಯುತ್ತವೆ. ಜೊತೆಗೆ ಸುಣ್ಣದ ಕಣಗಳನ್ನು ಹೊತ್ತ ಎರಡು ಚಿಕ್ಕ ಚೀಲಗಳಿವೆ. ಇವು ವಾಲುವಿಕೆಯನ್ನೂ ವೇಗೋತ್ಕರ್ಷವನ್ನೂ ತಿಳಿಯುತ್ತವೆ. ಮೊದಲನೆಯವು ಪ್ರಕೃತಿಯ ಜೈರೋಸ್ಕೋಪುಗಳು, ಎರಡನೆಯವು ಪ್ರಕೃತಿಯ ಆಕ್ಸಿಲರೋಮೀಟರುಗಳು ಎನ್ನಬಹುದು. ಕಣ್ಣಿನ ಸಾಕ್ಷ್ಯವೂ ಕಿವಿಯ ಸಾಕ್ಷ್ಯವೂ ಒಂದಕ್ಕೊಂದು ವಿರುದ್ಧವಾದಾಗ ವಾಕರಿಕೆಯುಂಟಾಗುತ್ತದೆಂಬ ಸಿದ್ಧಾಂತವನ್ನು ರೀಸನ್ ಮತ್ತು ಬ್ರಾಂಡ್ ಎಂಬ ವಿಜ್ಞಾನಿಗಳು 1975ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದರು. ಘಟ್ಟದ ದಾರಿಯ ಬಸ್ಸಿನಲ್ಲಿ ಪುಸ್ತಕ ಓದಲು ಹೊರಟವರಿಗೆ ಇದರ ಪ್ರಮಾಣ ಬೇರೆ ಬೇಕಿಲ್ಲ. ಪುಟವು ನಿಶ್ಚಲವೆಂದು ಕಣ್ಣು ಹೇಳುತ್ತದೆ, ತಿರುವು ಬಂದಿತೆಂದು ಕಿವಿ ಹೇಳುತ್ತದೆ. ಇವರ ಜಗಳದ ದಂಡವನ್ನು ಹೊಟ್ಟೆ ತೆರುತ್ತದೆ.

ಕುರ್ಚಿಯಲ್ಲಿ ಕುಳಿತು ಹೆಡ್‌ಸೆಟ್ಟಿನಲ್ಲಿ ರೋಲರ್ ಕೋಸ್ಟರನ್ನು ಏರುವವನ ಪಾಡು ಇದಕ್ಕೆ ತಿರುಗುಮುರುಗು: ಕಣ್ಣು ಓಡುತ್ತದೆ, ಕಿವಿ ಕುಳಿತಿರುತ್ತದೆ. ನಿಜವಾದ ಗಾಡಿಯಲ್ಲಾದರೋ ಕಣ್ಣು ಕಿವಿಗಳೆರಡೂ ಒಂದನ್ನೇ ನುಡಿಯುವಂತೆ ಮಾಡಲು ಸಾಧ್ಯ. ಈ ವಿದ್ಯೆಯ ನಿಜವಾದ ಆಕರ್ಷಣೆ ಇಲ್ಲಿದೆ. ಅಷ್ಟೇ ಅಲ್ಲ, ಕಿವಿಗೆ ವೇಗವಾಗಲಿ ಎತ್ತರವಾಗಲಿ ನೇರವಾಗಿ ತಿಳಿಯದಾದ್ದರಿಂದ ಚಿತ್ರಕಾರನಿಗೆ ಕೊಂಚ ಸ್ವಾತಂತ್ರ್ಯವೂ ಉಂಟು: 20 ಮೀಟರಿನ ಇಳಿತವನ್ನು ಪಾತಾಳದ ಪ್ರಪಾತವೆಂಬಂತೆ ತೋರಿಸಬಹುದು. ಆದರೆ ಎಡದ ತಿರುವನ್ನು ಬಲದ ತಿರುವೆಂದು ತೋರಿಸಲಾಗದು. ಅಳತೆಯನ್ನು ಹಿಗ್ಗಿಸಬಹುದು, ದಿಕ್ಕನ್ನು ಬದಲಿಸಬಾರದು.

ಈ ನಿಯಮಕ್ಕೆ ವಾಕರಿಕೆಗಿಂತ ಗುರುತರವಾದ ಕಾರಣವೊಂದಿದೆ. ಎದುರಿಗೆ ತಿರುವನ್ನು ಕಂಡವನ ಕತ್ತು ತಾನಾಗಿಯೇ ಬಿಗಿದು ಸಿದ್ಧವಾಗುತ್ತದೆ. ಕಣ್ಣು ಕಟ್ಟಿದವನಿಗೆ ಈ ಮುನ್ಸೂಚನೆಯನ್ನು ಚಿತ್ರವೇ ಕೊಡಬೇಕು. ಫೋನೂ ಹೆಡ್‌ಸೆಟ್ಟೂ ಕೂಡಿ ಸುಮಾರು ಅರ್ಧ ಕಿಲೋಗ್ರಾಂ. ಗುರುತ್ವದ ಮೂರೂವರೆ ಪಟ್ಟು ಬಲ ಬೀಳುವ ತಿರುವಿನಲ್ಲಿ ಅದು ಒಂದೂಮುಕ್ಕಾಲು ಕಿಲೋಗ್ರಾಮಿನಂತೆ ಮುಖದ ಮುಂದೆ ಜಗ್ಗುತ್ತದೆ. ಸುಳ್ಳು ಚಿತ್ರವನ್ನು ನಂಬಿ ಸಡಿಲಬಿಟ್ಟ ಕತ್ತಿಗೆ ಇದು ಸಣ್ಣ ಹೊರೆಯಲ್ಲ.

ಸಾಲಿನಲ್ಲಿ ನಿಂತವರು

ಇಷ್ಟನ್ನೂ ಗೆದ್ದರೂ ಗಡಿಯಾರವನ್ನು ಗೆಲ್ಲಬೇಕು. 28 ಆಸನಗಳ ಗಾಡಿಯು 90 ಸೆಕೆಂಡಿಗೊಮ್ಮೆ ಹೊರಟರೆ ಗಂಟೆಗೆ 1120 ಜನರು ಸವಾರಿ ಮಾಡಬಹುದು. ಹೆಡ್‌ಸೆಟ್ಟನ್ನು ಒರೆಸಿ, ಕೊಟ್ಟು, ಪಟ್ಟಿ ಬಿಗಿದು, ಮಸೂರವನ್ನು ಸರಿಪಡಿಸಿ, ಕನ್ನಡಕದವರನ್ನು ಸಮಾಧಾನಪಡಿಸುವಷ್ಟರಲ್ಲಿ ಇನ್ನೂ 90 ಸೆಕೆಂಡು ಕಳೆದರೆ ಆ ಸಂಖ್ಯೆ 560ಕ್ಕೆ ಇಳಿಯುತ್ತದೆ. ಸಾಲಿನ ಕೊನೆಯಲ್ಲಿ ನಿಂತವನ ಕಾಯುವಿಕೆ ಇಮ್ಮಡಿಸುತ್ತದೆ. ನೂರಾರು ಮುಖಗಳಿಗೆ ತಗಲುವ ವಸ್ತುವನ್ನು ಪ್ರತಿಸಲವೂ ಶುಚಿಗೊಳಿಸಬೇಕು, ಬೆವರಿನ ಆವಿಯಿಂದ ಮಸೂರ ಮಸುಕಾಗುತ್ತದೆ, ಬ್ಯಾಟರಿ ಬಿಸಿಯೇರುತ್ತದೆ.

ಯೂರೋಪಾ ಪಾರ್ಕಿನವರು 2018ರಲ್ಲಿ 'ಯೂರೋಸ್ಯಾಟ್' ಎಂಬ ಕೋಸ್ಟರಿಗೆ ಹೂಡಿದ ಉಪಾಯವು ಗಮನಾರ್ಹವಾದುದು. ಹೆಡ್‌ಸೆಟ್ ಬಯಸುವವರಿಗೆ ಪ್ರತ್ಯೇಕವಾದ ನಿಲ್ದಾಣವನ್ನೇ ಅವರು ಕಟ್ಟಿದರು. ಅಲ್ಲಿ ನಿಧಾನವಾಗಿ ಸಿದ್ಧರಾದವರ ಗಾಡಿಯು ಬಳಿಕ ಮುಖ್ಯ ಹಳಿಯನ್ನು ಸೇರುತ್ತದೆ. ಉಳಿದವರ ಸಾಲಿಗೆ ಅಡ್ಡಿಯಿಲ್ಲ. ಭೌತವಿಜ್ಞಾನದ ಸಮಸ್ಯೆಯನ್ನು ಗಣಿತದಿಂದಲೂ, ಜನಸಂದಣಿಯ ಸಮಸ್ಯೆಯನ್ನು ಕಟ್ಟಡದಿಂದಲೂ ಬಿಡಿಸಿದಂತಾಯಿತು.

ಇಲ್ಲಿ ಹೇಳಿದ ಮುಖ್ಯ ತತ್ತ್ವವನ್ನು ಪರೀಕ್ಷಿಸಿ ನೋಡಲು ರುಸ್ಟ್ ಊರಿಗೆ ಹೋಗಬೇಕಾಗಿಲ್ಲ. ಆಕ್ಸಿಲರೋಮೀಟರಿನ ಅಳತೆಯನ್ನು ತೋರಿಸುವ ಆ್ಯಪ್ ಇರುವ ಫೋನೊಂದನ್ನು ಉಯ್ಯಾಲೆಯ ಮಣೆಗೆ ಭದ್ರವಾಗಿ ಕಟ್ಟಿ, ಉಯ್ಯಾಲೆಯನ್ನು ತೂಗಿಬಿಡಿ. ಮಣೆ ಎಷ್ಟೇ ಓರೆಯಾಗಿ ಮೇಲೇರಿದರೂ, ತೂಗುವ ದಿಕ್ಕಿನ ಅಳತೆ ಬಹುಮಟ್ಟಿಗೆ ಸೊನ್ನೆಯಾಗಿಯೇ ಉಳಿಯುವುದನ್ನು ಕಾಣುವಿರಿ. ಫೋನಿನ ಮಟ್ಟಿಗೆ ಮಣೆ ವಾಲಿಯೇ ಇಲ್ಲ. ಹಗ್ಗದ ನೇರದ ಅಳತೆ ಮಾತ್ರ ಕೆಳಗೆ ಬಂದಾಗ ಹೆಚ್ಚಿ, ತುದಿಯಲ್ಲಿ ತಗ್ಗುತ್ತಿರುತ್ತದೆ. ಏಕೆ ಹೀಗೆಂದು ಕಾಗದದ ಮೇಲೆ ಬಲಗಳನ್ನು ಬರೆದು ವಿಚಾರಮಾಡಿ. ಉತ್ತರ ಹೊಳೆದ ದಿನ, ಕೋಟಿಗಟ್ಟಲೆ ಬೆಲೆಯ ಕೋಸ್ಟರಿನ ಎಂಜಿನಿಯರನನ್ನು ಕಾಡಿದ ಪ್ರಶ್ನೆಯೇ ನಿಮಗೂ ಕೈವಶವಾಗಿರುತ್ತದೆ.