ಸ್ಟಾರ್ಟರ್ ಎಲ್ಲಿ ಕೈಕೊಟ್ಟಿತು? ದೀಪಗಳೇ ಹೇಳಲಿ

ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಬೋರ್‌ವೆಲ್ ನಂಬಿದವರಿಗೆ ಕರೆಂಟಿನ ಹೊತ್ತೇ ನೀರಿನ ಹೊತ್ತು. ಆಂಧ್ರದಲ್ಲಿ ಪಂಪ್‌ಸೆಟ್‌ಗಳಿಗೆ ಮೂರು ಫೇಸ್ ಸಿಗುವುದು ದಿನಕ್ಕೆ 9 ಗಂಟೆ ಲೆಕ್ಕದಲ್ಲಿ. ಕರೆಂಟು ಬಂದಿದೆ, ಬೋರ್ಡಿನ ಮೇಲೆ ಕೆಂಪು, ಹಳದಿ, ನೀಲಿ ದೀಪ ಮೂರೂ ಉರಿಯುತ್ತಿವೆ, ಸ್ಟಾರ್ಟ್ ಒತ್ತಿದರೆ ಮಾತ್ರ ಮೋಟರ್ ಏಳುವುದಿಲ್ಲ. ಮೆಕ್ಯಾನಿಕ್ ಬಂದು ಒಂದೊಂದೇ ತಂತಿ ಮುಟ್ಟಿ ನೋಡುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಬೋರ್ಡಿಗೆ ಇನ್ನೂ ನಾಲ್ಕೈದು ದೀಪ ಕೂರಿಸಿದರೆ ಈ ಹುಡುಕಾಟ ನಿಮಿಷಗಳ ಕೆಲಸ.

ಮೊದಲು ಕಂಟ್ರೋಲ್ ಲೈನ್ ಏನೆಂದು ನೋಡೋಣ. ಸ್ಟಾರ್ಟರ್ ಒಳಗೆ ಎರಡು ದಾರಿಗಳಿವೆ. ದಪ್ಪ ತಂತಿಗಳು ಮೋಟರಿಗೆ ಹೋಗುತ್ತವೆ. ಸಣ್ಣ ತಂತಿಯ ದಾರಿ ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ಹೋಗುತ್ತದೆ. ಇದೇ ಕಂಟ್ರೋಲ್ ಲೈನ್. ಕಾಯಿಲ್ ಎಳೆದರೆ ಮಾತ್ರ ಮೋಟರ್ ಓಡುತ್ತದೆ. ಈ ಸಣ್ಣ ದಾರಿ ಸಾಮಾನ್ಯವಾಗಿ ಫ್ಯೂಸ್, ಪ್ರಿವೆಂಟರ್ (ಫೇಸ್ ತಪ್ಪಿದರೆ ತಡೆಯುವ ಸಾಧನ), ಓವರ್‌ಲೋಡ್ ರಿಲೇ, ಸ್ಟಾಪ್ ಗುಂಡಿ, ಸ್ಟಾರ್ಟ್ ಗುಂಡಿ ದಾಟಿ ಕಾಯಿಲ್ ತಲುಪುತ್ತದೆ. ಒಂದೇ ಕಾಲುವೆಗೆ ಸಾಲಾಗಿ ಕಟ್ಟಿದ ತೂಬುಗಳಂತೆ ಇವು. ಯಾವುದೊಂದು ಮುಚ್ಚಿದರೂ ಮುಂದಕ್ಕೆ ಹರಿವಿಲ್ಲ. ಬೋರ್ಡಿನ ಮೂರು ಬಣ್ಣದ ದೀಪಗಳು ಕರೆಂಟು ಬಂದಿದೆ ಎಂದಷ್ಟೇ ಹೇಳುತ್ತವೆ. ಅದು ಎಲ್ಲಿ ನಿಂತಿತು ಎನ್ನುವುದು ಅವುಗಳಿಗೆ ಗೊತ್ತಿಲ್ಲ.

ಹಾಗಾಗಿ ಪ್ರತಿ ಹಂತ ದಾಟಿದ ಕೂಡಲೇ ಒಂದು ದೀಪ ಬೇಕು. 1ನೇ ದೀಪ ಫ್ಯೂಸಿನ ನಂತರ, 2ನೆಯದು ಪ್ರಿವೆಂಟರ್ ನಂತರ, 3ನೆಯದು ಓವರ್‌ಲೋಡ್ ರಿಲೇಯ 95–96 ಸಂಪರ್ಕದ ನಂತರ, 4ನೆಯದು ಸ್ಟಾಪ್ ಗುಂಡಿಯ ನಂತರ, 5ನೆಯದು ಕಾಯಿಲ್‌ನ ಎ1 ತುದಿಯಲ್ಲಿ. ಎಲ್ಲ ದೀಪಗಳ ಇನ್ನೊಂದು ತಂತಿ ಕಾಯಿಲ್‌ನ ವಾಪಸು ಲೈನಿಗೆ ಸೇರಬೇಕು. ದೀಪವನ್ನು ದಾರಿಯ ನಡುವೆ ಸೀರೀಸ್‌ನಲ್ಲಿ ಕೂರಿಸಬೇಡಿ. ಕಾಯಿಲ್‌ಗೆ ಹಾಗೆ ಮಾಡಿದರೆ ಸಾಕಷ್ಟು ವೋಲ್ಟೇಜ್ ಸಿಗದೆ ಕಾಂಟ್ಯಾಕ್ಟರ್ ಎಳೆಯುವುದೇ ಇಲ್ಲ. ಕೆಲವು ಸ್ಟಾರ್ಟರ್‌ಗಳಲ್ಲಿ ಓವರ್‌ಲೋಡ್ ಸಂಪರ್ಕ ಕಾಯಿಲ್‌ನ ಆಚೆ ಬದಿಯಲ್ಲಿರುತ್ತದೆ. ಆದ್ದರಿಂದ ಕೈ ಹಾಕುವ ಮುನ್ನ ಒಳಗಿನ ತಂತಿಗಳ ನಕ್ಷೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಓದುವ ನಿಯಮ ಒಂದೇ: ಉರಿಯುವ ಕೊನೆಯ ದೀಪಕ್ಕೂ ಆರಿರುವ ಮೊದಲ ದೀಪಕ್ಕೂ ನಡುವೆ ದೋಷವಿದೆ. 1 ಉರಿದು 2 ಆರಿದ್ದರೆ ಪ್ರಿವೆಂಟರ್ ತಡೆದಿದೆ. ಫೇಸ್ ತಪ್ಪಿದೆಯೇ ನೋಡಿ. ಅದರಲ್ಲೇ ಡ್ರೈ ರನ್ ರಕ್ಷಣೆಯೂ ಇದ್ದರೆ ಬೋರಿನಲ್ಲಿ ನೀರು ಇಳಿದಿರಬಹುದು. 2 ಉರಿದು 3 ಆರಿದ್ದರೆ ಓವರ್‌ಲೋಡ್ ಟ್ರಿಪ್. ಕಾರಣ ಹುಡುಕದೆ ರೀಸೆಟ್ ಒತ್ತುತ್ತಲೇ ಇದ್ದರೆ ವೈಂಡಿಂಗ್ ಸುಡುತ್ತದೆ. 4 ಉರಿದು, ಸ್ಟಾರ್ಟ್ ಒತ್ತಿದರೂ 5 ಹತ್ತದಿದ್ದರೆ ಗುಂಡಿಯದೇ ತಪ್ಪು. ಒತ್ತಿದಾಗ 5 ಹತ್ತಿ ಮೋಟರ್ ಎದ್ದು, ಕೈ ಬಿಟ್ಟೊಡನೆ ಎರಡೂ ನಿಂತರೆ 13–14 ಹೋಲ್ಡಿಂಗ್ ಸಂಪರ್ಕ ನೋಡಿ. 5 ಹತ್ತಿದರೂ ಕಾಂಟ್ಯಾಕ್ಟರ್ ಎಳೆಯದಿದ್ದರೆ ಕಾಯಿಲ್ ಸುಟ್ಟಿರಬಹುದು, ಇಲ್ಲವೇ ವೋಲ್ಟೇಜ್ ಕಡಿಮೆ ಇರಬಹುದು. ಐದೂ ಆರಿದ್ದರೆ ಮೊದಲು ಫ್ಯೂಸ್, ಆಮೇಲೆ ವಾಪಸು ಲೈನ್.

ದೀಪ ಕೊಳ್ಳುವಾಗ ಕಾಯಿಲ್ ಮೇಲೆ ಬರೆದ ವೋಲ್ಟೇಜ್ ನೋಡಿ. ಕಾಯಿಲ್ ಎರಡು ಫೇಸ್ ನಡುವಿನದಾದರೆ ದೀಪವೂ 415 ವೋಲ್ಟಿನದೇ ಬೇಕು. 240ರದು ಹಾಕಿದರೆ ಸುಟ್ಟುಹೋಗುತ್ತದೆ. ಪ್ಯಾನೆಲ್‌ಗೆಂದೇ ಸಿಗುವ 22 ಮಿಲಿಮೀಟರ್ ಎಲ್‌ಇಡಿ ದೀಪಗಳು ಸಾಕು. ಬಿಡಿ ಎಲ್‌ಇಡಿಗೆ ರೆಸಿಸ್ಟರ್ ಬೆಸೆದು ಈ ವೋಲ್ಟೇಜಿಗೆ ಕೊಡುವ ಸಾಹಸ ಬೇಡ.

ಆ ಕೈಕೆಲಸಕ್ಕೆ ಜಾಗ ಡ್ರಿಪ್ ಕಂಟ್ರೋಲರ್‌ನಂಥ ಕಡಿಮೆ ವೋಲ್ಟೇಜಿನ ಲೈನು. 24 ವೋಲ್ಟ್ ಡಿಸಿ ಇದ್ದರೆ ಎಲ್‌ಇಡಿ ತಾನೇ ಸುಮಾರು 2 ವೋಲ್ಟ್ ತಿನ್ನುತ್ತದೆ. ಉಳಿದ 22 ವೋಲ್ಟಿಗೆ 2.2 ಕಿಲೋಓಮ್ ರೆಸಿಸ್ಟರ್ ಹಾಕಿದರೆ 10 ಮಿಲಿಆಂಪಿಯರ್ ಹರಿಯುತ್ತದೆ. ರೆಸಿಸ್ಟರ್ ಅರ್ಧ ವ್ಯಾಟಿನದಿರಲಿ. 5 ವೋಲ್ಟಿನ ಲೈನಿಗೆ 1 ಕಿಲೋಓಮ್ ಸಾಕು, 3 ಮಿಲಿಆಂಪಿಯರ್ ಬೆಳಕು ಕಣ್ಣಿಗೆ ಕಾಣುತ್ತದೆ, ಕಂಟ್ರೋಲರ್‌ಗೂ ಹೊರೆಯಲ್ಲ. ಡ್ರಿಪ್ ವಾಲ್ವಿನ ಡಿಸಿ ಕಾಯಿಲ್‌ಗೆ ಅಡ್ಡಲಾಗಿ ಒಂದು ಡಯೋಡನ್ನು ಹಿಂದುಮುಂದಾಗಿ ಹಾಕಿ. ಕಾಯಿಲ್ ಆರುವಾಗ ಹುಟ್ಟುವ ಹಿಮ್ಮುಖ ವೋಲ್ಟೇಜು ಎಲ್‌ಇಡಿಯನ್ನು ಕೊಲ್ಲದಂತೆ ಅದು ತಡೆಯುತ್ತದೆ. ವಾಲ್ವ್ 24 ವೋಲ್ಟ್ ಎಸಿಯದಾದರೆ ಅದೇ ಡಯೋಡ್ ಎಲ್‌ಇಡಿಗೇ ಅಡ್ಡಲಾಗಿ, ತಿರುವುಮುರುವಾಗಿ ಇರಲಿ.

ದೀಪವೂ ಸುಳ್ಳು ಹೇಳುವುದುಂಟು. ತೊಟ್ಟಿಯ ಫ್ಲೋಟ್ ಸ್ವಿಚ್‌ಗೆ ಹೋದ ಉದ್ದ ಕೇಬಲ್‌ನಲ್ಲಿ ಪಕ್ಕದ ತಂತಿಯಿಂದ ಚೂರು ವೋಲ್ಟೇಜ್ ಇಳಿದು, ಸ್ವಿಚ್ ತೆರೆದಿದ್ದರೂ ಎಲ್‌ಇಡಿ ಮಂಕಾಗಿ ಉರಿಯುತ್ತದೆ. ಅಂಥಲ್ಲಿ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ. ನಿಜವಾದ ಸಪ್ಲೈ ಇದ್ದರೆ ಮಾತ್ರ ಬಲ್ಬ್ ಹತ್ತುತ್ತದೆ. ಓಡುತ್ತಿರುವ ಮೋಟರಿಗೆ ಒಂದು ಫೇಸ್ ತಪ್ಪಿದಾಗಲೂ ಹೀಗೇ: ಮೋಟರ್ ತಾನೇ ಆ ತಂತಿಗೆ ವೋಲ್ಟೇಜ್ ಹಿಂದಿರುಗಿಸಿ ದೀಪ ಉರಿಸುತ್ತಲೇ ಇರುತ್ತದೆ. ಆದ್ದರಿಂದ ದೀಪ ಇದೆಯೆಂದು ಪ್ರಿವೆಂಟರ್ ತೆಗೆದುಹಾಕುವಂತಿಲ್ಲ.

ದೀಪ ಆರಿದೆ ಎಂದಮಾತ್ರಕ್ಕೆ ಕರೆಂಟಿಲ್ಲ ಎಂದುಕೊಂಡು ತಂತಿ ಮುಟ್ಟಬೇಡಿ, ದೀಪವೇ ಕೆಟ್ಟಿರಬಹುದು. ಜೋಡಣೆಯನ್ನು ಬಲ್ಲ ಎಲೆಕ್ಟ್ರಿಷಿಯನ್‌ ಕೈಯಲ್ಲೇ, ಮೇನ್ ಇಳಿಸಿ, ಟೆಸ್ಟ್ ಮಾಡಿ ನೋಡಿದ ಮೇಲೆ ಮಾಡಿಸಿ. ಬಣ್ಣಕ್ಕಿಂತ ಸಂಖ್ಯೆ ಮುಖ್ಯ: ಪ್ರತಿ ದೀಪದ ಕೆಳಗೆ ಅಂಕಿ ಬರೆದು, ಯಾವ ಅಂಕಿ ಆರಿದರೆ ಏನು ನೋಡಬೇಕೆಂಬ ಚೀಟಿಯನ್ನು ಪೆಟ್ಟಿಗೆ ಬಾಗಿಲ ಒಳಗೆ ಅಂಟಿಸಿ. ಆಮೇಲೆ "ಮೋಟರ್ ಬರ್ತಿಲ್ಲ" ಎನ್ನುವ ಬದಲು "ಎರಡು ಉರೀತಿದೆ, ಮೂರು ಇಲ್ಲ" ಎಂದು ಫೋನಿನಲ್ಲಿ ಹೇಳಬಹುದು. ಮೆಕ್ಯಾನಿಕ್ ಬೇಕಾದ ಸಾಮಾನು ಹಿಡಿದೇ ಬರುತ್ತಾನೆ.