ಲಾರಿ ಗುದ್ದಿದರೆ ಸಂಬಳವೆಲ್ಲ ಕಟ್, ಕೆಲಸವೂ ಹೋಯ್ತಾ?

"ಗಾಡಿಗೆ ಪೆಟ್ಟಾದರೆ ನಷ್ಟವೆಲ್ಲ ಡ್ರೈವರ್‌ದೇ. ಮಾಲೀಕರು ಪೂರ್ತಿ ಸಂಬಳ ಹಿಡಿದು, ಮರುದಿನವೇ ಮನೆಗೆ ಕಳಿಸಬಹುದು." ಇದನ್ನು ನಂಬಿದ ಲಾರಿ ಚಾಲಕರು, ರಿವರ್ಸ್ ತೆಗೆಯುವಾಗ ಗೋಡೆಗೆ ತಾಗಿದರೂ ನಿದ್ದೆಗೆಡುತ್ತಾರೆ. ಇದು ನಿಜವೇ? ಕಾನೂನು ಏನನ್ನುತ್ತದೆ ಎಂದು ನಾವು ನೋಡಿದೆವು.

ಉತ್ತರ: ಅರ್ಧ ಸತ್ಯ.

ನಷ್ಟ ಹಿಡಿಯಲು ಅವಕಾಶವಿದೆ, ಆದರೆ ಷರತ್ತುಗಳಿವೆ. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ನಿಯಮ 2019ರ ವೇತನ ಸಂಹಿತೆಯಲ್ಲೂ ಇದೆ: ನಷ್ಟ ಚಾಲಕರ ನಿರ್ಲಕ್ಷ್ಯ ಅಥವಾ ತಪ್ಪಿನಿಂದ ಆಗಿರಬೇಕು. ಹಿಡಿಯುವ ಮೊದಲು ಅವರ ವಿವರಣೆ ಕೇಳಬೇಕು. ಆದ ನಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಸಂಹಿತೆಯ ಪ್ರಕಾರ ಎಲ್ಲ ಕಡಿತ ಸೇರಿದರೂ ಆ ಅವಧಿಯ ಸಂಬಳದ 50% ದಾಟಬಾರದು.

ವಿಚಾರಣೆಯಿಲ್ಲದೆ ಕೆಲಸದಿಂದ ತೆಗೆದರೆ? ಕಾರ್ಮಿಕ ಇಲಾಖೆಯಲ್ಲಿ ಪ್ರಶ್ನಿಸಬಹುದು. ಯೂನಿಯನ್ ಇಲ್ಲದಿದ್ದರೂ ಒಬ್ಬರೇ ಹೋಗಬಹುದು. ಆದರೆ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ಬ್ಯಾಂಕ್ ಪಾಸ್‌ಬುಕ್, ಟ್ರಿಪ್ ಶೀಟ್, ಮಾಲೀಕರ ವಾಟ್ಸಾಪ್ ಸಂದೇಶ ಇಟ್ಟುಕೊಳ್ಳಿ.

ತಪ್ಪಾದ ದಿನವೇ ಫೋಟೊ ತೆಗೆದು, ಆದದ್ದನ್ನು ಬರೆದು ಮಾಲೀಕರಿಗೆ ಕಳುಹಿಸಿ. ಖಾಲಿ ಹಾಳೆಗೆ ಮಾತ್ರ ಸಹಿ ಹಾಕಬೇಡಿ.

ನಿಮ್ಮ ಗ್ರೂಪಿನಲ್ಲಿ ಲಾರಿ ಚಾಲಕರಿದ್ದರೆ ಇದನ್ನು ಫಾರ್ವರ್ಡ್ ಮಾಡಿ.