ಆಯಿಯ ಹೆಸರು, ಮೊಮ್ಮಗಳ ತೊಟ್ಟಿಲು

ಬೀದರ್ ಸೀಮೆಯಲ್ಲಿ ಹೆಣ್ಣುಮಗು ಹುಟ್ಟಿದ ಮನೆಗೆ ಬಂದವರು ಮೊದಲು ಮಗು ಯಾರನ್ನು ಹೋಲುತ್ತದೆ ಎಂದು ನೋಡುತ್ತಾರೆ, ಆಮೇಲೆ ಹೆಸರು ಏನಿಡುತ್ತೀರಿ ಎಂದು ಕೇಳುತ್ತಾರೆ. ಮನೆಯ ಹಿರಿಯಳು ಈಚೆಗೆ ತೀರಿಕೊಂಡಿದ್ದರೆ ಎರಡಕ್ಕೂ ಉತ್ತರ ಒಂದೇ: "ಆಯಿನೇ ತಿರುಗಿ ಬಂದಾಳ ನೋಡ್ರಿ." ಚಿದ್ರಿ, ಭಾಲ್ಕಿ, ಔರಾದ್ ಕಡೆ ಅಜ್ಜಿ ಎಂದರೆ ಆಯಿ, ಅಜ್ಜ ಎಂದರೆ ಮುತ್ಯಾ. ಆಯಿಯ ಹೆಸರನ್ನು ಮೊಮ್ಮಗಳಿಗಿಡುವುದು ಇಲ್ಲಿ ತೀರ ಸಹಜವಾದ ಆಸೆ.

ಆದರೆ ಆಯಿಯ ಅವ್ವನ ಹೆಸರು ಕೇಳಿ ನೋಡಿ. ಬಹಳಷ್ಟು ಮನೆಗಳಲ್ಲಿ ಮಾತು ಅಲ್ಲಿಗೆ ನಿಲ್ಲುತ್ತದೆ. ಮುತ್ಯಾನ ಅಪ್ಪ, ಅವನ ಅಪ್ಪ ಎಂದು ಮೂರು ನಾಲ್ಕು ತಲೆಮಾರಿನ ಗಂಡಸರ ಹೆಸರು ಹೇಳುವವರು ಮನೆಯಲ್ಲೇ ಇರುತ್ತಾರೆ. ಹೊಲದ ಕಾಗದದಲ್ಲೂ ಅವು ಉಳಿದಿರುತ್ತವೆ. ಹೆಂಗಸರ ಹೆಸರು ಹಾಗೆ ಉಳಿದಿಲ್ಲ. ಹೆಣ್ಣುಮಗುವಿಗೆ ಮನೆತನದ ನೆನಪಿನ ಹೆಸರು ಇಡಬೇಕೆನ್ನುವವರಿಗೆ, ಆರಿಸುವುದಕ್ಕೂ ಮುಂಚೆ ಹುಡುಕುವ ಕೆಲಸವೊಂದಿದೆ. ಈ ಅಧ್ಯಾಯ ಮುಖ್ಯವಾಗಿ ಆ ಕೆಲಸದ ಬಗ್ಗೆ.

ಹೆಂಗಸರ ಹೆಸರು ಎಲ್ಲಿ ಕಳೆಯುತ್ತದೆ?

ಮೊದಲ ಕಾರಣ ಮದುವೆ. ಮರಾಠಿ ನಾಡಿಗೆ ಹೊಂದಿಕೊಂಡ ಈ ಸೀಮೆಯ ಹಲವು ಮನೆತನಗಳಲ್ಲಿ ಮನೆತುಂಬಿದ ಸೊಸೆಗೆ ಹೊಸ ಹೆಸರಿಡುವ ರೂಢಿ ಇತ್ತು. ಕೆಲವು ಕಡೆ ಈಗಲೂ ಇದೆ. ತಟ್ಟೆಯಲ್ಲಿ ಅಕ್ಕಿ ಹರಡಿ ಅದರ ಮೇಲೆ ಗಂಡನ ಕೈಯಿಂದ ಹೆಸರು ಬರೆಸುತ್ತಾರೆ. ತವರಿನಲ್ಲಿ ಗೋದಾವರಿ ಆಗಿದ್ದವಳು ಗಂಡನ ಮನೆಯಲ್ಲಿ ಲಕ್ಷ್ಮೀಬಾಯಿ ಆಗುತ್ತಾಳೆ. ಮುಂದೆ ಮತದಾರರ ಪಟ್ಟಿ, ರೇಷನ್ ಕಾರ್ಡು, ಪಹಣಿ ಎಲ್ಲದರಲ್ಲೂ ಎರಡನೆಯ ಹೆಸರೇ. ಮೊದಲನೆಯದನ್ನು ಬಲ್ಲವರು ಅವಳ ಒಡಹುಟ್ಟಿದವರು ಮಾತ್ರ.

ಎರಡನೆಯದು ಕರೆಯುವ ರೀತಿ. ಸೊಸೆ ಅತ್ತೆಯ ಹೆಸರು ಹಿಡಿದು ಮಾತಾಡುವುದಿಲ್ಲ, ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಗಂಡನ ಹೆಸರಿಗಾದರೂ ಒಡಪು ಇದೆ; ಮದುವೆ, ಕುಬಸ, ತೊಟ್ಟಿಲು ಕಾರ್ಯಗಳಲ್ಲಿ ಹೆಂಗಸರು ಪ್ರಾಸ ಕಟ್ಟಿ ಅದರೊಳಗೆ ಆ ಹೆಸರನ್ನು ಸೇರಿಸಿ ಹೇಳುತ್ತಾರೆ. ಅತ್ತೆಯ ಹೆಸರಿಗೆ ಆ ಅವಕಾಶವೂ ಇಲ್ಲ. ಅವಳು ದೊಡ್ಡವ್ವ, ಇಂಥವನ ಅವ್ವ, ಇಲ್ಲವೆ ತವರೂರಿನಿಂದ ಉದಗೀರದಾಕಿ, ಹಲಬರ್ಗಾದಾಕಿ. ಹೀಗೆ ಐವತ್ತು ವರ್ಷ ಕರೆಸಿಕೊಂಡವಳ ಹೆಸರು ಮೊಮ್ಮಕ್ಕಳ ಕಿವಿಗೆ ಒಮ್ಮೆಯೂ ಬಿದ್ದಿರುವುದಿಲ್ಲ.

ಮೂರನೆಯದು ಗಡಿ. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ಅಹಮದಪುರ, ನಿಲಂಗಾ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಸೇರಿದವು. ಹೆಣ್ಣು ಕೊಟ್ಟು ತರುವ ಸಂಬಂಧಗಳು ಮಾತ್ರ ಮೂರೂ ಕಡೆಗೆ ಹಬ್ಬಿಕೊಂಡೇ ಇದ್ದವು. ಹಾಗಾಗಿ ಔರಾದಿನ ಆಯಿಯ ತವರಿನ ದಾಖಲೆ ಇಂದು ಮಹಾರಾಷ್ಟ್ರದ ಕಚೇರಿಯಲ್ಲಿ ಮರಾಠಿಯಲ್ಲಿ, ಬೀದರಿನ ಆಯಿಯದು ತೆಲಂಗಾಣದಲ್ಲಿ ತೆಲುಗಿನಲ್ಲಿ ಇರಬಹುದು.

ನಾಲ್ಕನೆಯದು ಲಿಪಿ. ನಿಜಾಮರ ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ ಉರ್ದು. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತದೊಳಗೆ ಸೇರುವವರೆಗಿನ ಕಚೇರಿಯ ಕಾಗದಗಳು ಹೆಚ್ಚಾಗಿ ಅದರಲ್ಲೇ ಇವೆ. ಉರ್ದು ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ. ನಮ್ಮ ಳಕಾರಕ್ಕೆ ಅಲ್ಲಿ ಅಕ್ಷರವಿಲ್ಲ. ಕಮಳಾಬಾಯಿ ಕಮಲಾಬಾಯಿ ಆಗಿದ್ದು, ಗುರಮ್ಮನನ್ನು ಮುಂದೆ ಓದಿದವರು ಬೇರೇನೋ ಮಾಡಿದ್ದು ಹೀಗೆ. ಅಂಥ ಕಾಗದ ಮನೆಯಲ್ಲಿದ್ದರೆ ಉರ್ದು ಬಲ್ಲ ಹಿರಿಯರಿಂದ ಓದಿಸಿ. ಬೀದರಿನಲ್ಲಿ ಅವರಿಗೇನೂ ಕೊರತೆಯಿಲ್ಲ. ಅದೇ ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಹಾಗೆ ಕನ್ನಡ ಕಲಿತವರು ಮನೆತನದಲ್ಲಿ ಇದ್ದಿದ್ದರೆ ಹಳೆಯ ಲೆಕ್ಕದ ಪುಸ್ತಕ, ಮುಯ್ಯಿಯ ಪಟ್ಟಿಗಳನ್ನೂ ತಿರುವಿ ಹಾಕಿ. ಯಾವ ಹೆಂಗಸು ಎಷ್ಟು ಮುಯ್ಯಿ ಮಾಡಿದಳು ಎಂಬಲ್ಲಿ ಅವಳ ಹೆಸರೂ ಸಿಗಬಹುದು.

ಕೇಳಬೇಕಾದವರು ತೊಟ್ಟಿಲ ಸುತ್ತಲೇ ಇದ್ದಾರೆ

ಹೆಸರಿಡುವ ಕಾರ್ಯಕ್ಕೆ ಇಲ್ಲಿ ತೊಟ್ಟಿಲು ಎಂದೇ ಹೇಳುತ್ತಾರೆ. ಹನ್ನೆರಡು ಇಲ್ಲವೆ ಹದಿಮೂರನೆಯ ದಿನ, ಆಗದಿದ್ದರೆ ಅನುಕೂಲ ನೋಡಿ ಮುಂದೆ. ಸೋದರತ್ತೆ ಮಗುವಿನ ಕಿವಿಯ ಹತ್ತಿರ ಬಾಯಿಟ್ಟು ಕುರ್ರ್ ಎಂದು ಹೆಸರು ಹೇಳುತ್ತಾಳೆ, ಸುತ್ತ ನಿಂತ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ, ಗುಗ್ಗರಿ ಹಂಚುತ್ತಾರೆ. ಮುಸ್ಲಿಂ ಮನೆಗಳಲ್ಲಿ ಏಳನೆಯ ದಿನದ ಅಖೀಖಾ ಹೆಸರಿಡುವ ಹೊತ್ತು. ಅಲ್ಲಿ ದಾದಿ, ನಾನಿಯರ ಹೆಸರಿನ ಮಾತು ಬರುತ್ತದೆ.

ಸೋದರತ್ತೆಗೆ ಈ ಮಾನ ಸಿಕ್ಕಿರುವುದರಲ್ಲಿ ನಮ್ಮ ಕೆಲಸಕ್ಕೆ ಬೇಕಾದ ಅನುಕೂಲವೊಂದಿದೆ. ಸೊಸೆ ಹೇಳಲಾಗದ ಆಯಿಯ ಹೆಸರನ್ನು ಅವಳು ಸಂಕೋಚವಿಲ್ಲದೆ ಹೇಳಬಲ್ಲಳು, ಏಕೆಂದರೆ ಅದು ಅವಳ ಅವ್ವನ ಹೆಸರು. ತಾಯಿಯ ಕಡೆಯವರೂ ದೂರವಿಲ್ಲ. ಚೊಚ್ಚಲ ಬಾಣಂತನ ತವರಿನಲ್ಲಿ ಆಗುವುದರಿಂದ ಮೊದಲ ಮಗುವಿನ ತೊಟ್ಟಿಲೂ ಹೆಚ್ಚಾಗಿ ಅಲ್ಲೇ. ಎರಡೂ ಮನೆಗಳ ಹಿರಿಯ ಹೆಂಗಸರು ಒಟ್ಟಿಗೆ ಕೂಡುವ ಇಂಥ ಗಳಿಗೆ ಮತ್ತೆ ಬೇಗ ಬರುವುದಿಲ್ಲ. ಆ ದಿನಕ್ಕೆ ಮುಂಚೆಯೇ ಅವರನ್ನು ಮಾತಾಡಿಸಿ. "ನಿಮ್ಮ ಅವ್ವನ ಹೆಸರೇನ್ರಿ? ತವರ ಮನ್ಯಾಗ ಏನಂತ ಕರೀತಿದ್ರು?" ಎಂಬ ಎರಡು ಪ್ರಶ್ನೆ ಸಾಕು, ಒಂದು ತಲೆಮಾರು ಹಿಂದಕ್ಕೆ ಹೋಗಬಹುದು.

ಹೆಸರಿನ ಹಿಂದಿನ ಕಥೆ

ಸಿಕ್ಕ ಹೆಸರಿಗೆ ಒಂದು ಹಿನ್ನೆಲೆ ಇರುತ್ತದೆ. ಮಲ್ಲಮ್ಮ ಎಂಬ ಹೆಸರಿನ ಹಿಂದೆ ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಹರಕೆ ಇದ್ದೀತು. ಮಾಣಿಕಮ್ಮ ಎಂದರೆ ಮಾಣಿಕನಗರದ ಮಾಣಿಕಪ್ರಭುಗಳಿಗೆ, ಈರಮ್ಮ ಎಂದರೆ ಹುಮನಾಬಾದಿನ ವೀರಭದ್ರನಿಗೆ, ನರಸಮ್ಮ ಎಂದರೆ ಬೀದರಿನ ಝರಣಿ ನರಸಿಂಹನಿಗೆ ನಡೆದುಕೊಂಡ ಮನೆತನ ಇರಬಹುದು. ಯಾವ ಹರಕೆ, ಯಾಕೆ ಹೊತ್ತರು ಎಂದು ಕೇಳಿದರೆ ಬರಗಾಲ, ಪ್ಲೇಗು, ಸತ್ತ ಕೂಸುಗಳು, ವಲಸೆ ಹೀಗೆ ಮನೆಯ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ನೋವಿನ ಹೆಸರುಗಳೂ ಸಿಗುತ್ತವೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ದೃಷ್ಟಿ ತಾಗದಿರಲೆಂದು ತಿಪ್ಪವ್ವ, ಗುಂಡವ್ವ ಎಂದು ಇಡುತ್ತಿದ್ದರು. ಮೇಲಿಂದ ಮೇಲೆ ಹೆಣ್ಣು ಹುಟ್ಟಿದಾಗ ಇನ್ನು ಸಾಕೆಂದು ಸಾಕಮ್ಮ ಎಂದರು. ಮರಾಠಿಯಲ್ಲಿ ಇದೇ ಅರ್ಥದ ನಕುಸಾ ಎಂಬ ಹೆಸರಿದೆ; 2011ರಲ್ಲಿ ಸಾತಾರಾ ಜಿಲ್ಲಾಡಳಿತ ಆ ಹೆಸರು ಹೊತ್ತ ಇನ್ನೂರಕ್ಕೂ ಹೆಚ್ಚು ಹುಡುಗಿಯರಿಗೆ ಸಭೆ ಸೇರಿಸಿ ಹೊಸ ಹೆಸರು ಕೊಟ್ಟಿತು. ನಿಮ್ಮ ಆಯಿಯ ಹೆಸರು ಬೇಡವೆಂದು ಇಟ್ಟದ್ದಾಗಿದ್ದರೆ ಅದನ್ನು ಮೊಮ್ಮಗಳಿಗೆ ದಾಟಿಸಬೇಕಿಲ್ಲ. ಗೌರವ ಸಲ್ಲಬೇಕಾದದ್ದು ಆ ಹೆಸರು ಹೊತ್ತು ಬಾಳಿದವಳಿಗೆ. ಅವಳಿಗೆ ಸಲ್ಲುವಂಥ ಹೆಸರನ್ನು ಹುಡುಕಿ.

ಅದಕ್ಕೆ ದಾರಿ ನಮ್ಮ ಸೀಮೆಯಲ್ಲೇ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣೆಯರು ತಮ್ಮ ಕಾಯಕದ ಜೊತೆಗೇ ನೆನಪಿನಲ್ಲಿ ಉಳಿದಿದ್ದಾರೆ. ಅಕ್ಕಿ ಆಯ್ದವಳು ಆಯ್ದಕ್ಕಿ ಲಕ್ಕಮ್ಮ, ನೂಲು ತೆಗೆದವಳು ಕದಿರೆ ರೆಮ್ಮವ್ವೆ, ಭತ್ತ ಕುಟ್ಟಿದವಳು ಕೊಟ್ಟಣದ ಸೋಮಮ್ಮ, ಸೌದೆ ಹೊರೆಯ ಕಾಯಕದ ಮನೆಯವಳು ಮೋಳಿಗೆ ಮಹಾದೇವಿ. ಬಸವಣ್ಣನ ಅಕ್ಕ ನಾಗಮ್ಮನ ಹೆಸರಿನ ಗವಿ ಇಂದಿಗೂ ಬಸವಕಲ್ಯಾಣದಲ್ಲಿದೆ. ನಿಮ್ಮ ಆಯಿ ಕೌದಿ ಹೊಲಿಯುತ್ತಿದ್ದಳೇ, ಸೂಲಗಿತ್ತಿಯಾಗಿದ್ದಳೇ, ಜೋಳದ ಹೊಲದಲ್ಲಿ ಕಳೆ ತೆಗೆದು ಮಕ್ಕಳನ್ನು ಓದಿಸಿದಳೇ? ಆ ಕೆಲಸದಿಂದಲೂ ಹೆಸರು ಹುಟ್ಟಬಹುದು.

ಗೌರವಕ್ಕೆ ರಕ್ತಸಂಬಂಧವೇ ಬೇಕೆಂದಿಲ್ಲ. 993ರಲ್ಲಿ ಅಜಿತಪುರಾಣ ಬರೆದ ರನ್ನ ಕವಿ ತನ್ನನ್ನು ಪೋಷಿಸಿದ ಚಾವುಂಡರಾಯನ ನೆನಪಿಗೆ ಮಗನಿಗೆ ರಾಯ ಎಂದೂ, ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಿಗೆ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ. ಸಾವಿರ ವರ್ಷದ ಹಿಂದೆಯೇ ಒಬ್ಬ ಅಪ್ಪ, ಉಪಕಾರ ಮಾಡಿದ ಹೆಂಗಸೊಬ್ಬಳ ಹೆಸರನ್ನು ಮಗಳ ಮೂಲಕ ಮುಂದುವರಿಸಿದ. ಅವ್ವನಿಗೆ ಅಕ್ಷರ ಕಲಿಸಿದ ಶಿಕ್ಷಕಿ, ಕಷ್ಟದ ಹೆರಿಗೆ ಮಾಡಿಸಿದ ಸೂಲಗಿತ್ತಿ, ತಾಯಿಯಿಲ್ಲದ ಮಕ್ಕಳನ್ನು ಸಾಕಿದ ಚಿಕ್ಕಮ್ಮ, ಇವರೆಲ್ಲ ಮನೆತನದ ಚರಿತ್ರೆಗೇ ಸೇರಿದವರು.

ಆರಿಸುವ ದಾರಿಗಳು

ಹುಡುಕಾಟ ಮುಗಿದ ಮೇಲೆ ದಾರಿ ಮೂರು. ಚಿದ್ರಿಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಪ್ಪನ ಅವ್ವ ಭಾಲ್ಕಿ ಕಡೆಯ ನೀಲಮ್ಮ. ಅವ್ವನ ಅವ್ವ ಉದಗೀರ ತವರಿನ ಗೋದಾವರಿ.

ಮೊದಲನೆಯದು ಇದ್ದ ಹೆಸರನ್ನು ಇದ್ದ ಹಾಗೆ ಇಡುವುದು: ನೀಲಮ್ಮ. ಇಲ್ಲಿ ಒಂದು ತೊಡಕಿದೆ. ಅತ್ತೆಯ ಹೆಸರಿನ ಮಗುವನ್ನು ಸೊಸೆ ಹೆಸರು ಹಿಡಿದು ಗದರುವಂತಿಲ್ಲ. ಅದಕ್ಕೇ ಇಂಥ ಮಕ್ಕಳನ್ನು ಮನೆಯಲ್ಲಿ ಅವ್ವಿ, ತಾಯಿ ಎಂದೇ ಕರೆಯುತ್ತಾರೆ. ನಿಜವಾದ ಹೆಸರು ಶಾಲೆಯ ಹಾಜರಿಯಲ್ಲಷ್ಟೇ ಉಳಿಯದಂತೆ ನೋಡಿಕೊಳ್ಳಿ.

ಎರಡನೆಯದು ಹೆಸರಿನ ಬೇರನ್ನು ಉಳಿಸಿಕೊಂಡು ಈ ಕಾಲಕ್ಕೆ ಒಗ್ಗಿಸುವುದು: ನೀಲಾ, ನೀಲಾಂಬಿಕೆ, ನೀಲಗಂಗಾ. ಎರಡೂ ಕಡೆಯವರನ್ನು ಕೂಡಿಸಬೇಕೆಂದರೆ ಒಂದನ್ನು ಜನ್ಮನಾಮವಾಗಿ, ಇನ್ನೊಂದನ್ನು ಕರೆಯುವ ಹೆಸರಾಗಿ ಇಡಬಹುದು. ಪಂಚಾಂಗದ ಪ್ರಕಾರ 27 ನಕ್ಷತ್ರಗಳ ನಾಲ್ಕು ನಾಲ್ಕು ಪಾದಕ್ಕೆ ಒಂದೊಂದರಂತೆ 108 ಅಕ್ಷರಗಳಿವೆ. ಬಂದ ಅಕ್ಷರ ಹೊಂದದಿದ್ದರೆ ಜನ್ಮನಾಮವನ್ನು ಅದಕ್ಕೆ ಬಿಟ್ಟುಕೊಟ್ಟು, ದಾಖಲೆಗೆ ಆಯಿಯ ಹೆಸರನ್ನು ಕೊಟ್ಟರೆ ಹಿರಿಯರ ಮನಸ್ಸೂ ನೋಯುವುದಿಲ್ಲ.

ಮೂರನೆಯದು ಅವಳ ಊರು, ನದಿ, ಕೆಲಸ, ಗುಣದಿಂದ ಹೆಸರು ತೆಗೆಯುವುದು. ನಮ್ಮ ಮಾಂಜ್ರಾ ಹರಿದು ಸೇರುವುದು ಗೋದಾವರಿಯನ್ನೇ. ಆ ಆಯಿಯ ನೆನಪಿಗೆ ಗೌತಮಿ ಎಂದರೂ ಸರಿಯೇ, ಅದು ಗೋದಾವರಿಯ ಇನ್ನೊಂದು ಹೆಸರು.

ದಾಖಲೆಗೆ ಅವಸರ ಬೇಡ

ಜನನ ನೋಂದಣಿಗೆ 21 ದಿನದ ಗಡುವಿದೆ, ಆದರೆ ಹೆಸರಿಲ್ಲದೆಯೂ ನೋಂದಣಿ ಮಾಡಿಸಬಹುದು. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ವಿಳಂಬ ಶುಲ್ಕ ಕೊಟ್ಟು ಹೆಸರು ಸೇರಿಸಲು ಅವಕಾಶವಿದೆ. ಆಸ್ಪತ್ರೆಯ ಫಾರಂ ತುಂಬುವ ಗಡಿಬಿಡಿಯಲ್ಲಿ ಏನೋ ಒಂದು ಬರೆಸುವ ಅಗತ್ಯವಿಲ್ಲ. ಬರೆಸುವಾಗ ಮಾತ್ರ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಕ್ಷರ ಅಕ್ಷರ ನೋಡಿ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದರಿಂದ ಹಿಡಿದು ಮತದಾರರ ಪಟ್ಟಿಯವರೆಗೆ ಹುಟ್ಟಿದ ದಿನ, ಊರುಗಳ ಪುರಾವೆಯಾಗಿ ಈ ಪ್ರಮಾಣಪತ್ರವೇ ಆಧಾರ.

ಮನೆಯಲ್ಲಿ ಮಾಡಬೇಕಾದ ಕೆಲಸ

ಒಂದು ಹಾಳೆ ತೆಗೆದುಕೊಂಡು ಎರಡೂ ಕಡೆಯ ಆಯಿಯರನ್ನು, ಅವರ ಅವ್ವಂದಿರನ್ನು ಬರೆಯಿರಿ: ತವರಿನ ಹೆಸರು, ಮದುವೆಯ ಮೇಲಿನ ಹೆಸರು, ತವರೂರು, ಆಡುತ್ತಿದ್ದ ಮಾತು, ಮಾಡುತ್ತಿದ್ದ ಕೆಲಸ. ಮಗುವಿನ ಹೆಸರು ಇವರಲ್ಲಿ ಯಾರಿಂದ, ಯಾಕೆ ಬಂತು ಎಂದು ಕೊನೆಯಲ್ಲಿ ಸೇರಿಸಿ, ಜನನ ಪ್ರಮಾಣಪತ್ರದ ಜೊತೆಗೇ ಇಡಿ. ಹೆಸರು ಯಾವುದೇ ಇರಲಿ, ಕಾರಣ ಗೊತ್ತಿಲ್ಲದ ಮಗಳಿಗೆ ಅದು ಬರಿಯ ಕರೆಯುವ ಸದ್ದು. ಗೊತ್ತಿದ್ದವಳಿಗೆ ತನ್ನ ಹಿಂದೆ ಬಾಳಿದ ಹೆಂಗಸರ ಪರಿಚಯ.

ಈ ಕೆಲಸವನ್ನು ಮುಂದೂಡಬೇಡಿ. ತವರಿನ ಹೆಸರುಗಳನ್ನು ಬಲ್ಲ ಹಿರಿಯರಿಗೆ ಈಗ ಎಂಬತ್ತರ ಆಸುಪಾಸು. ತೊಟ್ಟಿಲಿಗೆ ದಿನ ಗೊತ್ತುಮಾಡುವ ಮುಂಚೆ ಅವರ ಹತ್ತಿರ ಹೋಗಿ ಕೂತು ಕೇಳಿ.